ಈಟಿಯೂ ಖಡ್ಗವೂ

ಪ್ರಾಚೀನ ಕಾಲದ ಯುದ್ಧವೆಂದೊಡನೆ ಜನರ ಕಣ್ಣಮುಂದೆ ಬಂದು ನಿಲ್ಲುವುದು ಖಡ್ಗವೇ ಹೊರತು ಈಟಿಯಲ್ಲ. ಚಿತ್ರಕಾರನು ವೀರನ ಕೈಗೆ ಖಡ್ಗವನ್ನು ಕೊಡುತ್ತಾನೆ. ನಾಟಕದ ಅರಸನು ಆವೇಶದ ಮಾತು ಮುಗಿಯುವ ಮೊದಲೇ ಅದನ್ನು ಒರೆಯಿಂದ ಹಿರಿಯುತ್ತಾನೆ. ಮನೆತನದ ಪ್ರತಿಷ್ಠೆಯ ಗುರುತಾಗಿ ತಲೆಮಾರುಗಳವರೆಗೆ ಗೋಡೆಯ ಮೇಲೆ ತೂಗುವುದೂ ಅದೇ. ಈಟಿಗೆ ಆ ಭಾಗ್ಯವಿಲ್ಲ. ಬಾಗಿಲು ಕಾಯುವ ಹೆಸರಿಲ್ಲದ ಭಟನ ಕೈಯಲ್ಲಿ ಅದು ಸುಮ್ಮನೆ ನಿಂತಿರುತ್ತದೆ. ಆದರೆ ರಣರಂಗಗಳ ನಿಜವಾದ ವೃತ್ತಾಂತವನ್ನು ತೆರೆದು ನೋಡಿದರೆ ಈ ಗೌರವದ ಹಂಚಿಕೆಯು ನ್ಯಾಯವಾದುದೇ ಎಂಬ ಸಂದೇಹ ಹುಟ್ಟದಿರದು. ಬಹುಪಾಲು ದೇಶಗಳಲ್ಲಿ, ಬಹುಪಾಲು ಶತಮಾನಗಳಲ್ಲಿ, ಸಾಲುಗಟ್ಟಿ ನಿಂತ ಕಾಲಾಳಿನ ಮುಖ್ಯ ಆಯುಧವು ಈಟಿಯೇ ಆಗಿತ್ತು.

ಇದಕ್ಕೆ ಕಾರಣವನ್ನು ಕಂಡುಕೊಳ್ಳಲು ಕಮ್ಮಾರನ ಕುಲುಮೆಯ ಬಳಿಗೆ ಹೋದರೆ ಸಾಕು. ಒಂದು ಗೇಣು ಕಬ್ಬಿಣ, ಒಂದು ನೇರವಾದ ಮರದ ಕೋಲು ಇಷ್ಟಿದ್ದರೆ ಈಟಿ ಸಿದ್ಧ. ಖಡ್ಗಕ್ಕೆ ಅಷ್ಟು ಸಾಲದು. ಉದ್ದನೆಯ ಅಲಗು ಬಾಗಬಾರದು, ಮುರಿಯಲೂ ಬಾರದು; ಅಂಚು ಹರಿತವಾಗಿರಬೇಕು, ಒಡಲು ಬಿರುಸಾಗಿರಬಾರದು. ಅದಕ್ಕೆ ತಕ್ಕ ಹದವನ್ನು ಕೊಡಬಲ್ಲ ಕೈಗಳು ಎಲ್ಲ ಊರುಗಳಲ್ಲಿಯೂ ಇರಲಿಲ್ಲ. ಹೊಲದಿಂದ ನೇರವಾಗಿ ದಂಡಿಗೆ ಬಂದ ರೈತನಿಗೆ ಈಟಿಯನ್ನು ಮುಂದೆ ಚಾಚಿ ಪಕ್ಕದವನೊಡನೆ ಹೆಜ್ಜೆ ಹಾಕುವುದನ್ನು ಕಲಿಸಲು ಹಿಡಿಯುವ ದಿನಗಳಿಗಿಂತ, ಕತ್ತಿವರಸೆಯನ್ನು ಕಲಿಸಲು ಹಿಡಿಯುವ ದಿನಗಳು ಹೆಚ್ಚು. ಇವೆಲ್ಲಕ್ಕಿಂತ ಮಿಗಿಲಾಗಿ, ಎದುರಾಳಿಯ ಕತ್ತಿಯು ತನ್ನನ್ನು ಮುಟ್ಟುವ ಮೊದಲೇ ತಾನು ಅವನನ್ನು ಮುಟ್ಟಬಲ್ಲೆನೆಂಬ ಧೈರ್ಯವನ್ನು ಈಟಿಯು ಕೊಡುತ್ತಿತ್ತು. ಭಯದಿಂದ ನಡುಗುವ ಸಾಮಾನ್ಯ ಮನುಷ್ಯನಿಗೆ ಆ ನಾಲ್ಕು ಅಡಿಗಳ ಅಂತರವೇ ಪ್ರಾಣ.

ಗ್ರೀಕರು ಇದನ್ನು ಚೆನ್ನಾಗಿ ಅರಿತಿದ್ದರು. ಹಾಪ್ಲೈಟ್ ಎಂಬ ಅವರ ಭಾರಾಯುಧದ ಕಾಲಾಳು ಏಳೆಂಟು ಅಡಿ ಉದ್ದದ ಈಟಿಯನ್ನು ಬಲಗೈಯಲ್ಲಿಯೂ ದುಂಡನೆಯ ದೊಡ್ಡ ಗುರಾಣಿಯನ್ನು ಎಡಗೈಯಲ್ಲಿಯೂ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದನು. ಸೊಂಟದಲ್ಲಿ ಗಿಡ್ಡ ಕತ್ತಿಯೊಂದು ಇರುತ್ತಿತ್ತು. ಅದು ಈಟಿ ಮುರಿದ ಮೇಲಿನ ಮಾತು. ಕ್ರಿ.ಪೂ. 480ರಲ್ಲಿ ಥರ್ಮಾಪಿಲೆಯ ಕಣಿವೆಯಲ್ಲಿ ಪರ್ಷಿಯದ ಅಪಾರ ಸೈನ್ಯವು ಮುಂದುವರಿಯಲಾರದೆ ಹೋದುದಕ್ಕೆ, ಇಕ್ಕಟ್ಟಾದ ಆ ಜಾಗದಲ್ಲಿ ಅವರ ಈಟಿಗಳು ಗ್ರೀಕರ ಈಟಿಗಳಿಗಿಂತ ಗಿಡ್ಡವಾಗಿದ್ದುದನ್ನೂ ಒಂದು ಕಾರಣವೆಂದು ಹೆರೊಡೋಟಸನು ಹೇಳುತ್ತಾನೆ. ಕೊನೆಯ ದಿನ ಸ್ಪಾರ್ಟದವರ ಈಟಿಗಳಲ್ಲಿ ಹೆಚ್ಚಿನವು ಮುರಿದುಹೋದುವು. ಆಮೇಲೆ ಅವರು ಕತ್ತಿಗಳಿಂದ ಹೋರಾಡಿ ಮಡಿದರು. ಮರುವರ್ಷ ಪ್ಲಟೀಯದಲ್ಲಿ ಪರ್ಷಿಯದ ಯೋಧರು ಗ್ರೀಕರ ಈಟಿಗಳನ್ನು ಬರಿಗೈಯಿಂದ ಹಿಡಿದು ಮುರಿಯುತ್ತಿದ್ದರಂತೆ. ಅವರಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲವೆಂದು ಹೆರೊಡೋಟಸನೇ ಒಪ್ಪುತ್ತಾನೆ. ಭಾರವಾದ ಕವಚವಿಲ್ಲದೆ ಬರಿಗೈಯಿಂದ ಈಟಿಯನ್ನು ಹಿಡಿಯಹೋದವರ ಗತಿ ಏನಾಗಿರಬೇಕೆಂಬುದನ್ನು ಯಾರಾದರೂ ಊಹಿಸಬಹುದು.

ಸ್ಪಾರ್ಟದವರ ಕತ್ತಿಯಂತೂ ಉಳಿದ ಗ್ರೀಕರ ಕತ್ತಿಗಿಂತಲೂ ಗಿಡ್ಡ. ಜಾದೂಗಾರರು ನುಂಗುವುದಕ್ಕೆ ಅನುಕೂಲವಾಗಿದೆಯೆಂದು ಅಥೆನ್ಸಿನವನೊಬ್ಬನು ಹಾಸ್ಯಮಾಡಿದಾಗ, ಆದರೂ ಅವು ಶತ್ರುವನ್ನು ಮುಟ್ಟುತ್ತವೆಯೆಂದು ದೊರೆ ಏಜಿಸನು ಉತ್ತರವಿತ್ತನೆಂಬ ಕಥೆಯನ್ನು ಪ್ಲುಟಾರ್ಕನು ದಾಖಲಿಸಿದ್ದಾನೆ. ಕಥೆ ಸೊಗಸಾಗಿದೆ. ಆದರೆ ಆ ದೊರೆಯ ಸೈನಿಕರು ರಣರಂಗಕ್ಕೆ ನಡೆದುದು ಈಟಿಯನ್ನು ನಂಬಿಕೊಂಡೇ.

ಈ ನಂಬಿಕೆಯನ್ನು ಅದರ ಕಟ್ಟಕಡೆಯ ಎಲ್ಲೆಯವರೆಗೆ ಒಯ್ದವನು ಮ್ಯಾಸಿಡೋನಿಯದ ಎರಡನೆಯ ಫಿಲಿಪ್. ಹುಡುಗನಾಗಿದ್ದಾಗ ಥೀಬ್ಸ್ ನಗರದಲ್ಲಿ ಒತ್ತೆಯಾಳಾಗಿದ್ದ ಈತನು ಕ್ರಿ.ಪೂ. 359ರಲ್ಲಿ ಅಧಿಕಾರಕ್ಕೆ ಬಂದಾಗ ಅವನ ನಾಡು ನೆರೆಯವರ ದಾಳಿಯಿಂದ ಜರ್ಜರಿತವಾಗಿತ್ತು. ಬೆಲೆಬಾಳುವ ಕವಚಗಳನ್ನು ಕೊಳ್ಳಲಾರದ ಕುರಿಗಾಹಿಗಳನ್ನೂ ಬೇಸಾಯಗಾರರನ್ನೂ ಕಲೆಹಾಕಿ ಅವರ ಕೈಗೆ ಸಾರಿಸ್ಸವೆಂಬ ಹೊಸ ಈಟಿಯನ್ನು ಕೊಟ್ಟನು. ಥಿಯೊಫ್ರಾಸ್ಟಸನು ತನ್ನ ಸಸ್ಯಶಾಸ್ತ್ರದ ಗ್ರಂಥದಲ್ಲಿ ಪ್ರಸಂಗವಶಾತ್ ಹೇಳುವಂತೆ ಅತ್ಯಂತ ಉದ್ದದ ಸಾರಿಸ್ಸವು 12 ಮೊಳ, ಎಂದರೆ ಸುಮಾರು 18 ಅಡಿ. ಒಂದು ಕೈಯಿಂದ ಅದನ್ನು ಎತ್ತುವುದು ಅಸಾಧ್ಯ. ಎರಡು ಕೈಗಳೂ ಈಟಿಗೇ ಮೀಸಲಾದುದರಿಂದ ಸಣ್ಣ ಗುರಾಣಿಯೊಂದನ್ನು ಕೊರಳಿನಿಂದ ಇಳಿಬಿಟ್ಟ ಪಟ್ಟಿಗೆ ತೂಗಿಕೊಳ್ಳುತ್ತಿದ್ದರು. ವರ್ಗೀನದ ಸಮಾಧಿಗಳ ಬಳಿ ದೊರೆತ ಇಂತಹ ಈಟಿಯ ಕಬ್ಬಿಣದ ಮೊನೆಯನ್ನೂ ಬುಡದ ಮುಳ್ಳನ್ನೂ ಗ್ರೀಸಿನ ಪುರಾತತ್ವಜ್ಞ ಮನೋಲಿಸ್ ಆಂಡ್ರೊನಿಕೋಸ್ 1970ರಲ್ಲಿ ಪ್ರಕಟಿಸಿದರು. ಕ್ರಿ.ಪೂ. 338ರಲ್ಲಿ ಕೈರೋನಿಯದಲ್ಲಿ ಅಥೆನ್ಸ್ ಮತ್ತು ಥೀಬ್ಸ್‌ಗಳ ಸೈನ್ಯವನ್ನು ಸೋಲಿಸಿದುದು, ಫಿಲಿಪನ ಮಗ ಅಲೆಕ್ಸಾಂಡರನು ಪರ್ಷಿಯವನ್ನು ಗೆದ್ದು ಕ್ರಿ.ಪೂ. 326ರಲ್ಲಿ ಝೇಲಂ ನದಿಯ ದಡದಲ್ಲಿ ಪುರೂರವನ ಆನೆಗಳ ಎದುರು ನಿಂತುದು, ಎಲ್ಲವೂ ಈ ಉದ್ದನೆಯ ಕೋಲಿನ ಬಲದಿಂದ.

ಕೇವಲ ಅದರ ಬಲದಿಂದಲೇ ಎಂದು ಮಾತ್ರ ಹೇಳಲಾಗದು. ಅಲೆಕ್ಸಾಂಡರನ ಈಟಿಗಾರರು ಶತ್ರುವನ್ನು ಕದಲದಂತೆ ಹಿಡಿದು ನಿಲ್ಲಿಸುತ್ತಿದ್ದರು. ಹೊಡೆತ ಬೀಳುತ್ತಿದ್ದುದು ಅವನ ಅಶ್ವಸೈನ್ಯದಿಂದ. ಆ ರಾವುತರ ಕೈಯಲ್ಲಿಯೂ ಈಟಿಯೇ ಇತ್ತು. ಕ್ರಿ.ಪೂ. 334ರಲ್ಲಿ ಗ್ರ್ಯಾನಿಕಸ್ ಹೊಳೆಯ ದಂಡೆಯಲ್ಲಿ ದೊರೆಯ ಈಟಿ ಮುರಿಯಿತು. ಜೊತೆಯವನೊಬ್ಬನು ತನ್ನದನ್ನು ಕೊಟ್ಟನು. ಅದರಿಂದ ಅವನು ಇಬ್ಬರನ್ನು ಕೆಡಹುವಷ್ಟರಲ್ಲಿ ಹಿಂದಿನಿಂದ ಪರ್ಷಿಯದ ಸರದಾರನೊಬ್ಬನು ಕತ್ತಿಯೆತ್ತಿದನು. ಕ್ಲೈಟಸನು ಆ ತೋಳನ್ನು ಕಡಿದುಹಾಕದಿದ್ದರೆ ಜಗಜ್ಜೇತನ ಕಥೆಯು ಮೊದಲನೆಯ ಯುದ್ಧದಲ್ಲಿಯೇ ಮುಗಿಯುತ್ತಿತ್ತು. ಈಟಿಯೋ ಖಡ್ಗವೋ ಎಂದು ವಾದಿಸುವವರು ಈ ಒಂದು ಗಳಿಗೆಯನ್ನು ಯಾವ ಪಕ್ಷಕ್ಕೆ ಸೇರಿಸುತ್ತಾರೋ ತಿಳಿಯದು.

ಪೂರ್ವದಲ್ಲಿ ಈಟಿಯು ಹೀಗೆ ಬೆಳೆಯುತ್ತಿದ್ದಾಗ ಪಶ್ಚಿಮದ ಇಟಲಿಯಲ್ಲಿ ಬೇರೊಂದು ಬಗೆಯ ಯೋಧನು ರೂಪುಗೊಳ್ಳುತ್ತಿದ್ದನು. ರೋಮಿನ ಕಾಲಾಳು ಮೊದಲಿಗೆ ಈಟಿಗಾರನೇ. ಲ್ಯಾಟಿನ್ ಭಾಷೆಯಲ್ಲಿ ಈಟಿಗೆ ಹಾಸ್ತ ಎಂದು ಹೆಸರು; ಮುಂದಿನ ಸಾಲಿನ ಯೋಧರಿಗೆ ಹಾಸ್ತಾತಿ ಎಂಬ ಹೆಸರು ಅದರಿಂದಲೇ ಬಂದುದು. ವಿನೋದವೆಂದರೆ, ಕಾಲಕ್ರಮದಲ್ಲಿ ಈಟಿಯನ್ನು ಕೆಳಗಿಟ್ಟು ಖಡ್ಗವನ್ನು ಹಿಡಿದವರೂ ಅವರೇ, ಹೆಸರು ಮಾತ್ರ ಹಾಗೆಯೇ ಉಳಿಯಿತು. ನಿಜವಾದ ಈಟಿಯು ಕಟ್ಟಕಡೆಯ ಸಾಲಿನ ಹಳೆಯ ಯೋಧರ ಕೈಯಲ್ಲಿ ಉಳಿದುಕೊಂಡಿತು. ಪೈಲಂ ಎಂಬ ಎಸೆಯುವ ಭಾರದ ಭರ್ಚಿಯನ್ನು ಹತ್ತಿರದಿಂದ ಬೀಸಿ ಒಗೆದು, ಶತ್ರುವಿನ ಸಾಲು ಕದಲುತ್ತಿದ್ದಂತೆ ಕತ್ತಿ ಹಿರಿದು ಮೇಲೆ ಬೀಳುವುದು ಅವರ ಕ್ರಮ. ಆ ಕತ್ತಿಯ ಮಾದರಿ ಸ್ಪೇನಿನಿಂದ ಬಂದುದು. ಎರಡಡಿಗಿಂತ ಸ್ವಲ್ಪ ಹೆಚ್ಚು ಉದ್ದದ ಅಲಗು, ಎರಡೂ ಕಡೆ ಹರಿತ, ತಿವಿಯಲು ತಕ್ಕ ಮೊನೆ. ಜೊತೆಗೆ ನಾಲ್ಕಡಿ ಎತ್ತರ, ಎರಡೂವರೆ ಅಡಿ ಅಗಲದ ಬಾಗಿದ ಗುರಾಣಿ. ಕ್ರಿ.ಪೂ. 200ರಲ್ಲಿ ನಡೆದ ಒಂದು ಸಣ್ಣ ಚಕಮಕಿಯಲ್ಲಿ ಸತ್ತ ತನ್ನ ರಾವುತರನ್ನು ಐದನೆಯ ಫಿಲಿಪನು ಗೌರವದಿಂದ ಸಂಸ್ಕಾರ ಮಾಡಿಸಲು ಪಾಳೆಯಕ್ಕೆ ತರಿಸಿದನು. ಸೈನಿಕರ ಮನಸ್ಸನ್ನು ಗೆಲ್ಲುವ ಉದ್ದೇಶದಿಂದ. ಫಲ ವಿಪರೀತವಾಯಿತು. ಈಟಿಯ ಗಾಯಗಳನ್ನಷ್ಟೆ ಕಂಡಿದ್ದ ಮ್ಯಾಸಿಡೋನಿಯದವರು ತೋಳುಗಳಿಲ್ಲದ, ರುಂಡವಿಲ್ಲದ ಆ ದೇಹಗಳನ್ನು ಕಂಡು ದಂಗಾಗಿ, ತಾವು ಎಂತಹ ಜನರೊಡನೆ ಹೋರಾಡಬೇಕಾಗಿದೆಯೆಂದು ಅಂಜಿದರೆಂದು ಲಿವಿಯು ಬರೆಯುತ್ತಾನೆ.

ಈ ಎರಡು ಬಗೆಯ ಯುದ್ಧಕ್ರಮಗಳು ಎದುರುಬದುರಾದಾಗ ಏನಾಯಿತೆಂಬುದಕ್ಕೆ ಪಾಲಿಬಿಯಸನಿಗಿಂತ ಉತ್ತಮನಾದ ಸಾಕ್ಷಿ ಬೇರೊಬ್ಬನಿಲ್ಲ. ಆತನು ಗ್ರೀಸಿನ ಮೆಗಲಾಪೊಲಿಸ್ ಊರಿನವನು. ಅಕೀಯ ಒಕ್ಕೂಟದ ಅಶ್ವಸೇನಾಧಿಪತಿಯಾಗಿದ್ದವನು. ಲೆಕ್ಕ ಹಾಕಿ ಬರೆಯುವುದು ಅವನ ಸ್ವಭಾವ. ಅವನ ಕಾಲದ ಸಾರಿಸ್ಸದ ಉದ್ದ 14 ಮೊಳ. ಹಿಡಿಯುವುದಕ್ಕೂ ತೂಕ ಸರಿದೂಗಿಸುವುದಕ್ಕೂ ಹಿಂದುಗಡೆ ನಾಲ್ಕು ಮೊಳ ಹೋದರೆ ಮುಂದುಗಡೆ ಚಾಚುವುದು ಹತ್ತು ಮೊಳ. ಎರಡನೆಯ ಸಾಲಿನವನ ಈಟಿ ಮೊದಲನೆಯವನ ಮುಂದಕ್ಕೆ ಎಂಟು ಮೊಳ, ಮೂರನೆಯವನದು ಆರು, ನಾಲ್ಕನೆಯವನದು ನಾಲ್ಕು, ಐದನೆಯವನದು ಎರಡು. ಹೀಗೆ ಮುಂದೆ ನಿಂತ ಪ್ರತಿಯೊಬ್ಬನ ಎದುರಿಗೆ ಐದು ಮೊನೆಗಳು. ಅದರ ಹಿಂದಿನವರು ಈಟಿಗಳನ್ನು ಓರೆಯಾಗಿ ಮೇಲೆತ್ತಿ ಹಿಡಿದು, ಹಾರಿ ಬರುವ ಬಾಣ ಭರ್ಚಿಗಳನ್ನು ತಡೆಯುತ್ತ, ತಮ್ಮ ಮೈಭಾರದಿಂದ ಮುಂದಿನವರನ್ನು ಒತ್ತುತ್ತಿರುತ್ತಾರೆ. ಕತ್ತಿ ಬೀಸಲು ಅವಕಾಶ ಬೇಕಾದುದರಿಂದ ರೋಮಿನವನು ಸಡಿಲವಾಗಿ ನಿಲ್ಲಬೇಕು. ಈಟಿಗಾರನಾದರೋ ಒತ್ತಾಗಿ ನಿಲ್ಲುತ್ತಾನೆ. ಆದ್ದರಿಂದ ಒಬ್ಬ ರೋಮಿನವನ ಎದುರಿಗೆ ಇಬ್ಬರು ಈಟಿಗಾರರು, ಎಂದರೆ ಹತ್ತು ಮೊನೆಗಳು! ಹತ್ತನ್ನೂ ಒಬ್ಬನೇ ಕಡಿದು ಒಳನುಗ್ಗುವುದು ಸಾಧ್ಯವಿಲ್ಲವೆಂದು ಪಾಲಿಬಿಯಸನು ನಿಸ್ಸಂಕೋಚವಾಗಿ ತೀರ್ಪು ಕೊಡುತ್ತಾನೆ. ಈ ಲೆಕ್ಕದ ಪ್ರಕಾರ ಖಡ್ಗವು ಸೋಲಬೇಕು.

ಕ್ರಿ.ಪೂ. 280ರಲ್ಲಿಯೂ 279ರಲ್ಲಿಯೂ ಇಟಲಿಗೆ ಬಂದಿಳಿದ ಪಿರ್ರಸನು ರೋಮನ್ನರ ಮೇಲೆ ಗೆದ್ದನು. ಆದರೆ ಅವನ ಗೆಲುವುಗಳಿಗೆ ತೆತ್ತ ಬೆಲೆಯು ಗಾದೆಯ ಮಾತಾಗಿ ಉಳಿದಿದೆ. ಅಷ್ಟಲ್ಲದೆ ಅವನು ಈಟಿಯ ವ್ಯೂಹಗಳ ನಡುನಡುವೆ ಇಟಲಿಯ ತುಕಡಿಗಳನ್ನು ಸೇರಿಸಿಕೊಂಡಿದ್ದನು. ನೇರವಾದ ಪರೀಕ್ಷೆ ನಡೆದುದು ಕ್ರಿ.ಪೂ. 197ರಲ್ಲಿ, ಥೆಸಲಿಯ ಸೈನೋಸೆಫಲೆ ಗುಡ್ಡಗಳಲ್ಲಿ. ಮಂಜು ಕವಿದ ಬೆಳಗು. ಎರಡು ಸೈನ್ಯಗಳೂ ಒಂದನ್ನೊಂದು ಕಾಣದೆ ಗುಡ್ಡದ ನೆತ್ತಿಯಲ್ಲಿ ಡಿಕ್ಕಿ ಹೊಡೆದುವು. ಫಿಲಿಪನ ಬಲಗಡೆಯ ಈಟಿಗಾರರು ಇಳಿಜಾರಿನಲ್ಲಿ ರೋಮನ್ನರನ್ನು ತಳ್ಳಿಕೊಂಡೇ ಹೋದರು. ಎಡಗಡೆಯವರು ಮಾತ್ರ ಇನ್ನೂ ನಡಿಗೆಯ ಸಾಲಿನಲ್ಲಿಯೇ ಗುಡ್ಡ ಹತ್ತುತ್ತಿದ್ದು ವ್ಯೂಹ ಕಟ್ಟುವಷ್ಟರಲ್ಲಿ ಆನೆಗಳ ದಾಳಿಗೆ ಸಿಕ್ಕಿ ಚದುರಿದರು. ಆಗ ರೋಮಿನ ಅಧಿಕಾರಿಯೊಬ್ಬನು ಯಾರ ಅಪ್ಪಣೆಗೂ ಕಾಯದೆ, ಗೆದ್ದ ಪಕ್ಕದಿಂದ ಸುಮಾರು 20 ತುಕಡಿಗಳನ್ನು ತಿರುಗಿಸಿಕೊಂಡು ಬಂದು ಫಿಲಿಪನ ಈಟಿಗಾರರ ಬೆನ್ನಮೇಲೆ ಬಿದ್ದನು. 14 ಮೊಳದ ಈಟಿಯನ್ನು ಹಿಡಿದವನು ಹಿಂದಿರುಗಿ ನಿಲ್ಲುವುದಾದರೂ ಹೇಗೆ? ಯುದ್ಧದ ಗತಿಯನ್ನೇ ತಿರುಗಿಸಿದ ಆ ಅಧಿಕಾರಿಯ ಹೆಸರನ್ನು ಪಾಲಿಬಿಯಸನು ಹೇಳಿಲ್ಲ. ಸೋತವರು ಈಟಿಗಳನ್ನು ನೆಟ್ಟಗೆ ಮೇಲಕ್ಕೆತ್ತಿ ನಿಂತರು. ಅದು ಶರಣಾಗತಿಯ ಸಂಕೇತ. ರೋಮನ್ನರಿಗೆ ಆ ಸಂಕೇತ ತಿಳಿಯದು. ಯಾರೋ ತಿಳಿಸಿ ಸೇನಾಪತಿ ಫ್ಲಮಿನಿನಸನು ತಡೆಯಬೇಕೆನ್ನುವುದರೊಳಗೆ ಅವನ ಸೈನಿಕರು ಕಡಿಯುತ್ತಲೇ ಹೋಗಿದ್ದರು. ಮ್ಯಾಸಿಡೋನಿಯದವರು ಸುಮಾರು 8,000 ಜನ ಸತ್ತರು, 5,000 ಜನ ಸೆರೆಸಿಕ್ಕಿದರು. ರೋಮನ್ನರ ನಷ್ಟ 700ರಷ್ಟು.

ಇದು ಅನಿರೀಕ್ಷಿತವಾದ ಗುಡ್ಡಗಾಡಿನ ಕಾಳಗ, ಮಂಜಿನ ಆಟ, ಎಂದು ಗ್ರೀಕರು ಸಮಾಧಾನ ಹೇಳಿಕೊಳ್ಳಬಹುದಾಗಿತ್ತು. ಮುಂದೆ ಪಿಡ್ನದಲ್ಲಿ ಆ ಸಮಾಧಾನಕ್ಕೂ ಎಡೆಯಿಲ್ಲದಂತಾಯಿತು. ಅಲ್ಲಿಯ ಬಯಲು ಈಟಿಯ ವ್ಯೂಹಕ್ಕೆ ಹೇಳಿ ಮಾಡಿಸಿದಂತಿತ್ತು. ಫಿಲಿಪನ ಮಗ ಪರ್ಸಿಯಸ್ ಅಲ್ಲಿ ಬೀಡುಬಿಟ್ಟಿದ್ದನು. ಎದುರಿಗೆ ಅರವತ್ತರ ಹತ್ತಿರದ ಕಾನ್ಸಲ್ ಎಮಿಲಿಯಸ್ ಪೌಲಸ್. ಕ್ರಿ.ಪೂ. 168ರ ಜೂನ್ 21ರ ರಾತ್ರಿ ಚಂದ್ರಗ್ರಹಣವಾಯಿತು. ರೋಮನ್ನರ ಪಾಳೆಯದಲ್ಲಿ ಸಲ್ಪೀಸಿಯಸ್ ಗ್ಯಾಲಸನೆಂಬುವನು ಗ್ರಹಣದ ಕಾರಣವನ್ನು ಬಲ್ಲವನಾಗಿದ್ದು ಸೈನಿಕರ ಭಯವನ್ನು ನಿವಾರಿಸಿದನು. ಮ್ಯಾಸಿಡೋನಿಯದವರು ಅದನ್ನು ತಮ್ಮ ಅರಸನಿಗೆ ಬಂದ ಅಪಶಕುನವೆಂದು ಬಗೆದರು. ಮರುದಿನ ಮಧ್ಯಾಹ್ನದವರೆಗೆ ಯಾರೂ ಕದಲಲಿಲ್ಲ. ಕೊನೆಗೆ ಯುದ್ಧವನ್ನು ಆರಂಭಿಸಿದುದು ಕಟ್ಟು ಕಳಚಿಕೊಂಡು ಓಡಿದ ಒಂದು ಮೂಕಪ್ರಾಣಿ. ಕುದುರೆಯೆಂದು ಪ್ಲುಟಾರ್ಕನೂ ಹೇರು ಹೊರುವ ಪಶುವೆಂದು ಲಿವಿಯೂ ಹೇಳುತ್ತಾರೆ. ಅದನ್ನು ಹಿಡಿಯಲು ಹೋದವರ ನಡುವಿನ ಜಗಳವೇ ಬೆಳೆದು ಎರಡು ಸೈನ್ಯಗಳನ್ನು ಎಳೆದುಕೊಂಡಿತು.

ಸಮತಟ್ಟಾದ ನೆಲದಲ್ಲಿ ಹದಿನಾರು ಸಾಲುಗಳ ಈಟಿಯ ವ್ಯೂಹವು ಕೋಲುಗಳನ್ನು ಒಮ್ಮೆಗೇ ಕೆಳಗಿಳಿಸಿ ಮುನ್ನಡೆದ ಆ ನೋಟಕ್ಕಿಂತ ಭಯಂಕರವಾದುದನ್ನು ತಾನು ಕಂಡುದಿಲ್ಲವೆಂದು ಪೌಲಸನು ಮುಂದೆ ಎಷ್ಟೋ ಸಲ ಹೇಳುತ್ತಿದ್ದನಂತೆ. ಅನೇಕ ಯುದ್ಧಗಳನ್ನು ಕಂಡ ಮುದುಕನ ಮಾತು ಅದು. ಆದರೂ ಆಗ ಶಿರಸ್ತ್ರಾಣವಾಗಲಿ ಕವಚವಾಗಲಿ ಇಲ್ಲದೆ ನಗುಮುಖದಿಂದ ತನ್ನ ಸಾಲುಗಳ ಮುಂದೆ ಕುದುರೆಯ ಮೇಲೆ ಸಾಗಿದನು. ಮೊದಲು ಎದುರಾದವರು ಇಟಲಿಯ ಪೇಲಿಗ್ನಿ ಜನ. ಮೊನೆಗಳ ಬೇಲಿಯನ್ನು ದಾಟಲಾರದೆ ಅವರು ತಡವರಿಸಿದಾಗ ನಾಯಕ ಸಾಲ್ವಿಯಸನು ತನ್ನ ಪಡೆಯ ಧ್ವಜವನ್ನು ಕಿತ್ತು ಶತ್ರುಗಳ ನಡುವೆ ಎಸೆದನು. ಧ್ವಜವನ್ನು ಬಿಟ್ಟು ಬರುವುದು ಆ ಜನಕ್ಕೆ ಮಹಾಪಾತಕ. ನುಗ್ಗಿದರು. ಕತ್ತಿಯಿಂದ ಈಟಿಗಳನ್ನು ಕಡಿಯಲು ನೋಡಿದರು, ಗುರಾಣಿಯಿಂದ ಒತ್ತಿದರು, ಬರಿಗೈಯಿಂದ ಹಿಡಿದು ಪಕ್ಕಕ್ಕೆ ಎಳೆದರು. ಎರಡು ಕೈಗಳ ಬಲದಿಂದ ತಿವಿದ ಸಾರಿಸ್ಸವು ಗುರಾಣಿಯನ್ನೂ ಕವಚವನ್ನೂ ತೂರಿಕೊಂಡು ಹೋಯಿತು. ಮುಂದಿನ ಸಾಲು ಮಣ್ಣುಗೂಡಿತು. ಹಿಂದಿನವರು ಗುಡ್ಡದ ಕಡೆಗೆ ಸರಿದರು. ಇದನ್ನು ಕಂಡ ಪೌಲಸನು ದುಃಖದಿಂದ ತನ್ನ ಬಟ್ಟೆಯನ್ನು ಹರಿದುಕೊಂಡನೆಂದು ಒಂದು ಹೇಳಿಕೆಯಿದೆ.

ಆದರೆ ಓಡುವವರನ್ನು ಬೆನ್ನಟ್ಟುತ್ತ ವ್ಯೂಹವು ಬಯಲನ್ನು ಬಿಟ್ಟು ಏರುತಗ್ಗಿನ ನೆಲಕ್ಕೆ ಬಂದಿತು. ಒಂದು ಭಾಗವು ಮುಂದೆ ಹೋಯಿತು, ಒಂದು ಹಿಂದುಳಿಯಿತು. ನಡುವೆ ಅಲ್ಲಲ್ಲಿ ಬಿರುಕುಗಳು ತೋರಿದುವು. ಪೌಲಸನ ಕಣ್ಣಿಗೆ ಬಿದ್ದುದು ಆ ಬಿರುಕುಗಳು. ಇಡಿಯ ಸಾಲಿನೊಡನೆ ಹೋರಾಡುವುದನ್ನು ಬಿಟ್ಟು, ಒಂದೊಂದು ತುಕಡಿಯೂ ಒಂದೊಂದು ಬಿರುಕಿನಲ್ಲಿ ನುಸುಳಿ ತನ್ನ ಯುದ್ಧವನ್ನು ತಾನೇ ನಡೆಸಲಿ ಎಂದು ಅಪ್ಪಣೆ ಕೊಟ್ಟನು. ಮೊನೆಯನ್ನು ದಾಟಿ ಒಳಹೊಕ್ಕ ಖಡ್ಗಧಾರಿಗೆ ಸಾರಿಸ್ಸದ ಉಳಿದ ಹತ್ತು ಮೊಳವು ಬರಿಯ ಕೋಲು. ಈಟಿಗಾರರು ಅದನ್ನು ಬಿಸುಟು ತಮ್ಮ ಸಣ್ಣ ಕತ್ತಿಗಳನ್ನು ಹಿರಿದರು. ಅವು ರೋಮನ್ನರ ಎತ್ತರದ ಗುರಾಣಿಯ ಮೇಲೆ ತಟ್ಟಿದುವೇ ಹೊರತು ಕಚ್ಚಲಿಲ್ಲ. ಅವರ ಕಿರುಗುರಾಣಿಗಳಾದರೋ ಸ್ಪೇನಿನ ಮಾದರಿಯ ಕತ್ತಿಗೆ ತಡೆಯಾಗಲಿಲ್ಲ. ಒಂದು ಗಂಟೆಯೊಳಗೆ ಎಲ್ಲವೂ ಮುಗಿಯಿತು. ಆಯ್ದ 3,000 ಜನ ಕದಲದೆ ನಿಂತ ಜಾಗದಲ್ಲಿಯೇ ಸತ್ತರು. ಮಡಿದ ಮ್ಯಾಸಿಡೋನಿಯದವರು 20,000ಕ್ಕೆ ಕಡಿಮೆಯಿಲ್ಲ. ರೋಮನ್ನರ ಕಡೆ ನೂರರಷ್ಟು ಎಂದು ಅವರದೇ ಲೆಕ್ಕ. ಗೆದ್ದವರ ಲೆಕ್ಕದಲ್ಲಿ ಕೊಂಚ ಉಬ್ಬರ ಇದ್ದಿರಬಹುದು. ಆದರೂ ಬೆನ್ನು ತಿರುಗಿಸಿದ ವ್ಯೂಹದ ಗತಿ ಹೀಗೆಯೇ ಆಗುತ್ತಿತ್ತು.

ಆ ಗಂಟೆಯ ಒಂದೆರಡು ಸಂಗತಿಗಳನ್ನು ಪ್ಲುಟಾರ್ಕನು ಉಳಿಸಿಕೊಟ್ಟಿದ್ದಾನೆ. ಹಿರಿಯ ಕೇಟೋವಿನ ಮಗನ ಕೈಯಿಂದ ಕತ್ತಿ ಜಾರಿಹೋಯಿತು. ಕತ್ತಿಯಿಲ್ಲದೆ ಬದುಕಿ ಮನೆಗೆ ಹೋಗುವುದಕ್ಕಿಂತ ಸಾಯುವುದು ಲೇಸೆಂದು ಆ ಯುವಕನು ಗೆಳೆಯರನ್ನು ಕರೆದುಕೊಂಡು ಮತ್ತೆ ನುಗ್ಗಿ, ಹೆಣಗಳ ರಾಶಿಯನ್ನು ಕೆದಕಿ ಅದನ್ನು ಹುಡುಕಿ ತೆಗೆದನು. ಸಂಜೆ ಪೌಲಸನ ಡೇರೆಯಲ್ಲಿ ದೀಪಗಳು ಉರಿಯುತ್ತಿದ್ದರೂ ಅವನ ಮುಖದಲ್ಲಿ ಗೆಲುವಿರಲಿಲ್ಲ. ಹದಿನೇಳರ ಹರೆಯದ ಮಗ ಸಿಪಿಯೋ ಹಿಂದಿರುಗಿರಲಿಲ್ಲ. ಪಂಜು ಹಿಡಿದು ಜನರು ಹೆಣಗಳ ನಡುವೆ ಅವನ ಹೆಸರು ಕೂಗುತ್ತ ಹುಡುಕಿದರು. ಕತ್ತಲಾದ ಬಹಳ ಹೊತ್ತಿನ ಮೇಲೆ ಹುಡುಗನು ಮೈಯೆಲ್ಲ ರಕ್ತವಾಗಿ ಇಬ್ಬರು ಮೂವರೊಡನೆ ಬಂದನು. ಓಡುವವರ ಬೆನ್ನಟ್ಟಿ ಹೋಗಿದ್ದನಂತೆ.

ಪಿಡ್ನದ ಸೋಲಿನಿಂದ ಮ್ಯಾಸಿಡೋನಿಯದ ರಾಜಮನೆತನ ಅಳಿಯಿತು. ಅಲೆಕ್ಸಾಂಡರನ ನಾಡು ನಾಲ್ಕು ಹೋಳಾಯಿತು. ಪರ್ಸಿಯಸನು ರೋಮಿನ ಬೀದಿಗಳಲ್ಲಿ ವಿಜಯೋತ್ಸವದ ಮೆರವಣಿಗೆಯ ಸೆರೆಯಾಳಾಗಿ ನಡೆದನು. ರೋಮಿನ ಪರವಾಗಿ ಸಾಕಷ್ಟು ಉತ್ಸಾಹವನ್ನು ತೋರಿಸಲಿಲ್ಲವೆಂಬ ಅಪವಾದದ ಮೇಲೆ ಅಕೀಯದ 1,000 ಗಣ್ಯರನ್ನು ಇಟಲಿಗೆ ಒಯ್ದರು. ಪಾಲಿಬಿಯಸನು ಅವರಲ್ಲೊಬ್ಬ. ಹದಿನಾರು ಹದಿನೇಳು ವರ್ಷಗಳ ಮೇಲೆ ಊರಿಗೆ ಮರಳಲು ಅಪ್ಪಣೆ ದೊರೆತಾಗ ಬದುಕಿದ್ದವರು 300ಕ್ಕಿಂತ ಕಡಿಮೆ. ಅಂದು ರಾತ್ರಿ ಹೆಣಗಳ ನಡುವೆ ಹುಡುಕಿಸಿಕೊಂಡ ಆ ಹುಡುಗ ಸಿಪಿಯೋ ಈ ಸೆರೆಯಾಳಿನ ಶಿಷ್ಯನೂ ಸ್ನೇಹಿತನೂ ಆದುದು ಚರಿತ್ರೆಯ ವಿಚಿತ್ರಗಳಲ್ಲಿ ಒಂದು.

ಹೀಗೆ ಗೆದ್ದವರ ಮನೆಯಲ್ಲಿ ಕುಳಿತು, ಸೋತ ತನ್ನ ಜನಕ್ಕಾಗಿ ಪಾಲಿಬಿಯಸನು ಬರೆದನು. ಅಜೇಯವೆಂದು ಭಾವಿಸಿದ್ದ ವ್ಯೂಹವು ಸೋತುದೇಕೆಂದು ಗ್ರೀಕರಿಗೆ ತಿಳಿಯದಾಗಿತ್ತು. ವಿಧಿಯೆಂದು ಕೆಲವರು, ಅದೃಷ್ಟವೆಂದು ಕೆಲವರು ಹೇಳುತ್ತಿದ್ದರು. ಅವನು ವಿಧಿಯನ್ನು ಹಳಿಯಲಿಲ್ಲ, ಗೆದ್ದವರನ್ನು ಹೊಗಳಿ ಕೈತೊಳೆದುಕೊಳ್ಳಲೂ ಇಲ್ಲ. ಎದುರುನಿಂತು ವ್ಯೂಹವನ್ನು ಗೆಲ್ಲಬಲ್ಲುದು ಯಾವುದೂ ಇಲ್ಲವೆಂದು ಮೊದಲು ಒಪ್ಪಿ, ಅನಂತರ ಆ ಗೆಲುವಿಗೆ ಬೇಕಾದುದೇನೆಂದು ಎಣಿಸಿದನು. ಹಳ್ಳವಿಲ್ಲದ, ದಿಣ್ಣೆಯಿಲ್ಲದ, ಮರದ ತೋಪಿಲ್ಲದ, ಹೊಳೆ ಹರಿಯದ ವಿಶಾಲವಾದ ನೆಲ ಬೇಕು. ಅಂತಹ ನೆಲ ಎಷ್ಟು ಕಡೆ ಸಿಕ್ಕೀತು? ಸಿಕ್ಕಿದರೂ ಶತ್ರುವು ಅಲ್ಲಿಗೇ ಬಂದು ನಿಲ್ಲಬೇಕೆಂಬ ನಿಯಮವೇನಿದೆ? ಅವನು ಪಕ್ಕದ ಊರುಗಳನ್ನು ಸುಲಿಯುತ್ತ ಹೋದರೆ ವ್ಯೂಹವು ಬಯಲಿನಲ್ಲಿ ನಿಂತು ಏನು ಮಾಡೀತು? ರೋಮಿನವನೋ ಇಡಿಯ ದಂಡಿನೊಡನೆ ಇದ್ದರೂ ಸರಿ, ಹತ್ತು ಜನರ ಗುಂಪಿನಲ್ಲಿದ್ದರೂ ಸರಿ, ಒಬ್ಬನೇ ಇದ್ದರೂ ಸರಿ, ಒಂದೇ ಬಗೆಯಾಗಿ ಹೋರಾಡಲು ಸಿದ್ಧನಾಗಿರುತ್ತಾನೆ. ಅಲ್ಲದೆ ರೋಮನ್ನರು ಎಲ್ಲ ಪಡೆಗಳನ್ನೂ ಒಟ್ಟಿಗೆ ಹೂಡುವುದಿಲ್ಲ. ಹಿಂದೆ ಉಳಿಸಿಕೊಂಡವರು, ವ್ಯೂಹವು ಗೆದ್ದು ಮುನ್ನುಗ್ಗಿದಾಗ ಬಿಟ್ಟ ಜಾಗಕ್ಕೆ ಬರುತ್ತಾರೆ.

ಪಾಲಿಬಿಯಸನ ಈ ವಿವರಣೆಗೆ ಒಂದು ಮಾತನ್ನು ಸೇರಿಸಬೇಕಾಗಿದೆ. ಸೋತುದು ಅಲೆಕ್ಸಾಂಡರನ ಸೈನ್ಯವಲ್ಲ. ಅವನ ಕಾಲದಲ್ಲಿ ಈಟಿಗಾರರ ಪಕ್ಕದಲ್ಲಿ ಬಲವಾದ ಅಶ್ವಸೈನ್ಯವಿತ್ತು, ಚುರುಕಾದ ಹಗುರ ಪಡೆಗಳಿದ್ದುವು. ಮುಂದಿನ ಅರಸರು ಕುದುರೆಗಳ ಸಂಖ್ಯೆಯನ್ನು ಇಳಿಸಿ ಈಟಿಯ ಉದ್ದವನ್ನು ಏರಿಸುತ್ತ ಹೋದರು. ಈಟಿ ಉದ್ದವಾದಷ್ಟೂ ಅದನ್ನು ಹಿಡಿದವನು ನಿಂತ ಜಾಗಕ್ಕೆ ಅಂಟಿಕೊಳ್ಳುತ್ತಾನೆ. ಖಡ್ಗದ ಗೆಲುವೆಂದು ಹೇಳುವುದರಲ್ಲಿ ಅರ್ಧದಷ್ಟು ಗುರಾಣಿಯದು. ಉಳಿದುದರಲ್ಲಿ ಬಹುಪಾಲು, ಸೈನೋಸೆಫಲೆಯಲ್ಲಿ ಅಪ್ಪಣೆಗೆ ಕಾಯದೆ ತಿರುಗಿದ ಆ ಹೆಸರಿಲ್ಲದ ಅಧಿಕಾರಿಯಂಥವರದು. ಉಕ್ಕಿನ ಪಾಲು ಜನರು ತಿಳಿದುಕೊಂಡಿರುವುದಕ್ಕಿಂತ ಕಡಿಮೆ.

ರೋಮಿನ ಖಡ್ಗಕ್ಕೂ ಕಾಲ ಬಂದಿತು. ಕ್ರಿ.ಶ. 135ರ ಸುಮಾರಿಗೆ ಕಪಡೋಷಿಯ ಪ್ರಾಂತದ ಮೇಲೆ ಅಲನರೆಂಬ ಅಶ್ವಾರೋಹಿಗಳು ನುಗ್ಗುವ ಭೀತಿಯುಂಟಾಯಿತು. ಧಾವಿಸಿ ಬರುವ ಕುದುರೆಯ ಎದುರು ಎರಡಡಿಯ ಕತ್ತಿ ಏನು ಮಾಡೀತು? ಅಲ್ಲಿಯ ರೋಮನ್ ಅಧಿಪತಿಯು ತನ್ನ ದಂಡನ್ನು ಎಂಟು ಸಾಲುಗಳಲ್ಲಿ ಒತ್ತಾಗಿ ನಿಲ್ಲಿಸಲು ಬರೆದಿಟ್ಟ ಆಜ್ಞೆಯು ಇಂದಿಗೂ ಉಳಿದಿದೆ. ಮೊದಲ ನಾಲ್ಕು ಸಾಲುಗಳು ಉದ್ದನೆಯ ಈಟಿಗಳನ್ನು ಕುದುರೆಗಳ ಎದೆಯ ಮಟ್ಟಕ್ಕೆ ಚಾಚಿ ಹಿಡಿಯಬೇಕು, ಹಿಂದಿನವರು ಭರ್ಚಿಗಳನ್ನು ಎಸೆಯಬೇಕು, ಅವರ ಹಿಂದೆ ಬಿಲ್ಲುಗಾರರು. ಆ ಅಧಿಪತಿಯ ಹೆಸರು ಅರಿಯನ್. ಹುಟ್ಟಿನಿಂದ ಗ್ರೀಕ, ಅಲೆಕ್ಸಾಂಡರನ ದಂಡಯಾತ್ರೆಯ ಚರಿತ್ರೆಯನ್ನು ಬರೆದವನು. ರೋಮಿನ ಯೋಧರ ಆ ಸಾಲಿಗೆ ಅವನು ಫ್ಯಾಲಾಂಕ್ಸ್ ಎಂಬ ಹಳೆಯ ಹೆಸರನ್ನೇ ಕೊಟ್ಟನು. ಅಲನರು ಹಿಂದಿರುಗಿದರು. ಅರಿಯನನ ಭಯವೂ ಪಾರ್ಥಿಯದ ಅರಸನು ಕೊಟ್ಟ ಉಡುಗೊರೆಗಳೂ ಅದಕ್ಕೆ ಕಾರಣವೆಂದು ಡಿಯೋ ಕ್ಯಾಸಿಯಸನು ಹೇಳುತ್ತಾನೆ.